ಬ್ಲಾಕಿಂಗೋ, ಚಾರ್ಜಿಂಗೋ?

ಅಂತರ ತರಗತಿ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ಸೀಟಿ ಹಿಡಿಯುವ ನನಗೆ ಪ್ರತಿ ವರ್ಷ ಎದುರಾಗುವ ಮಾತು, "ಸರ್, ನಾನು ನಿಂತೇ ಇದ್ದೆ!" ಡಿಕ್ಕಿಯಾದಾಗ ಅಲುಗಾಡದೆ ನಿಂತವನದು ಸರಿ, ಚಲಿಸುತ್ತಿದ್ದವನದು ತಪ್ಪು ಎಂದು ಅನೇಕ ವಿದ್ಯಾರ್ಥಿಗಳು ನಂಬಿದ್ದಾರೆ. ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮ ಹಾಗಿಲ್ಲ. ಆ ಜಾಗಕ್ಕೆ ಕ್ರಮಬದ್ಧವಾಗಿ ಮೊದಲು ಬಂದವರು ಯಾರು ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ.

ಪ್ರತಿ ಆಟಗಾರನ ಸುತ್ತ ಕಣ್ಣಿಗೆ ಕಾಣದ ಒಂದು ಸಿಲಿಂಡರ್ ಇದೆ ಎಂದು ಭಾವಿಸಿ. ಅದರೊಳಗೆ ನಿಲ್ಲಲು, ಕೈಯೆತ್ತಿ ನೇರ ಮೇಲಕ್ಕೆ ಹಾರಲು ಅವನಿಗೆ ಹಕ್ಕಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ, ಕೈಕಾಲು ಚಾಚಿ ಇಲ್ಲಿ ಜಾಗ ಹಿಡಿಯಲಾಗದು. ಮೈಯೇ ಅಲ್ಲಿಗೆ ತಲುಪಿರಬೇಕು.

ಡ್ರಿಬಲ್ ಮಾಡುತ್ತಾ ಬರುವವನನ್ನು ತಡೆಯುವ ಡಿಫೆಂಡರ್ ಮೊದಲು ಎದುರಾಳಿಗೆ ಮುಖ ಮಾಡಿ, ಎರಡೂ ಪಾದಗಳನ್ನು ನೆಲಕ್ಕೆ ಊರಿರಬೇಕು. ಇದೇ ಕ್ರಮಬದ್ಧ ಸ್ಥಾನ. ಒಮ್ಮೆ ಈ ಸ್ಥಾನ ಪಡೆದ ಮೇಲೆ ಕಲ್ಲಿನಂತೆ ನಿಲ್ಲಬೇಕಾಗಿಲ್ಲ. ಅವನು ಪಕ್ಕಕ್ಕೆ ಅಥವಾ ಹಿಂದಕ್ಕೆ ಸರಿಯಬಹುದು. ಸರಿಯುವಾಗ ಕ್ಷಣಕಾಲ ಪಾದ ನೆಲ ಬಿಟ್ಟರೂ ತಪ್ಪಲ್ಲ. ಹೀಗಿರುವಾಗ ಡ್ರಿಬ್ಲರ್ ನೇರ ಎದೆಗೆ ಬಂದು ಗುದ್ದಿದರೆ ಅದು ಚಾರ್ಜಿಂಗ್. ಡಿಫೆಂಡರ್ ಮುಂದಕ್ಕೆ ನುಗ್ಗಿದರೆ, ಅಥವಾ ಭುಜ, ಸೊಂಟ, ಮೊಣಕಾಲು ಚಾಚಿ ದಾರಿ ಅಡ್ಡಗಟ್ಟಿ ಡಿಕ್ಕಿಯಾದರೆ ಅದು ಬ್ಲಾಕಿಂಗ್.

ಚೆಂಡು ಇರುವವನ ಮುಂದೆ ಎಷ್ಟು ಹತ್ತಿರದಲ್ಲಾದರೂ ಸ್ಥಾನ ಹಿಡಿಯಬಹುದು. ಚೆಂಡು ಹಿಡಿದವನು ಯಾವ ಕ್ಷಣದಲ್ಲೂ ನಿಲ್ಲಲು, ತಿರುಗಲು ಸಿದ್ಧನಿರಬೇಕು ಎಂಬುದು ನಿಯಮದ ನಿರೀಕ್ಷೆ. ಚೆಂಡಿಲ್ಲದೆ ಓಡುವವನಿಗೆ ಮಾತ್ರ ನಿಲ್ಲಲು ಒಂದೆರಡು ಹೆಜ್ಜೆಯಷ್ಟು ಅಂತರ ಕೊಡಬೇಕು.

ನಾನು ಅತ್ಯಂತ ಕಟ್ಟುನಿಟ್ಟಾಗಿ ನೋಡುವುದು ಗಾಳಿಯಲ್ಲಿರುವ ಆಟಗಾರನನ್ನು. ಹಾರಿದ ಜಾಗದಲ್ಲೇ ಇಳಿಯುವ ಹಕ್ಕು ಅವನಿಗಿದೆ. ಬೇರೆಡೆ ಇಳಿಯುವುದಾದರೂ, ಹಾರುವ ಹೊತ್ತಿಗೆ ಆ ಜಾಗ ಮತ್ತು ದಾರಿ ಖಾಲಿಯಿದ್ದರೆ ಅವು ಅವನವೇ. ಅವನು ಹಾರಿದ ಮೇಲೆ ಕೆಳಗೆ ಬಂದು ನಿಂತು "ನಾನು ಅಲುಗಾಡಲಿಲ್ಲ" ಎಂದರೆ ಪ್ರಯೋಜನವಿಲ್ಲ. ಶೂಟ್ ಮಾಡುವವನ ಪಾದದಡಿ ಕಾಲಿಡುವುದು ಬರೀ ಫೌಲ್ ಅಲ್ಲ. ಸಿಮೆಂಟ್ ಅಂಗಳದಲ್ಲಿ ಅದರಿಂದ ಹಿಮ್ಮಡಿಯ ಕೀಲು ಉಳುಕಿದರೆ ಒಬ್ಬ ವಿದ್ಯಾರ್ಥಿ ವಾರಗಟ್ಟಲೆ ಕುಂಟಬೇಕಾದೀತು.

ಈ ತೀರ್ಪು ಪಂದ್ಯದ ಗತಿಯನ್ನೇ ಬದಲಿಸುತ್ತದೆ. ಬ್ಯಾಸ್ಕೆಟ್‌ಗೆ ಎಸೆಯುತ್ತಿರುವಾಗ ಬ್ಲಾಕಿಂಗ್ ಆದರೆ ಎಸೆಯುವವನಿಗೆ ಫ್ರೀ ಥ್ರೋ ಸಿಗುತ್ತದೆ. ಚೆಂಡು ತನ್ನ ಕೈಯಲ್ಲಿರುವಾಗಲೇ ಅವನು ಚಾರ್ಜಿಂಗ್ ಮಾಡಿದರೆ ಚೆಂಡು ಎದುರು ತಂಡದ ಪಾಲು. 5 ಫೌಲ್ ಆದ ಆಟಗಾರ ಪಂದ್ಯದಿಂದಲೇ ಹೊರಗೆ.

ಆದ್ದರಿಂದ ಅಭ್ಯಾಸದಲ್ಲಿ ಕೈಗಿಂತ ಕಾಲಿಗೆ ಹೆಚ್ಚು ಕೆಲಸ ಕೊಡಿ. ಮುಖ ಎದುರಿಗೆ, ಪಾದ ನೆಲಕ್ಕೆ, ಎದೆ ದಾರಿಗೆ: ಈ ಮೂರನ್ನೂ ಡಿಕ್ಕಿಗೆ ಮೊದಲೇ ಸಾಧಿಸಿ. ಸ್ಕೋರ್ ಟೇಬಲ್ ಬಳಿ ಕುಳಿತು ನೋಡುವವರು ಚೆಂಡನ್ನು ಬಿಟ್ಟು ಡಿಫೆಂಡರ್‌ನ ಪಾದಗಳನ್ನು ಗಮನಿಸಿ. ಸೀಟಿ ಊದುವ ಮೊದಲೇ ತೀರ್ಪು ನಿಮಗೆ ತಿಳಿದಿರುತ್ತದೆ.