ಜಲಕಳೆಯ ಕೊಳದಲ್ಲಿ ಗೆಂಡೆಮೀನು

ಗಾಳ ಹಿಡಿದು ದಡದಲ್ಲಿ ಕುಳಿತವನನ್ನು ಕಂಡರೆ ಬೇರೆ ಕೆಲಸವಿಲ್ಲದವನೆಂದು ಎಣಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಇಂಗ್ಲೆಂಡಿನಲ್ಲಿ ವಾರದ ಕೆಲಸ ಮುಗಿಸಿ, ಶುಕ್ರವಾರ ಸಂಜೆ ಗುಡಾರ ಹೊತ್ತು ಕೊಳದ ದಡ ಸೇರಿ, ಭಾನುವಾರದವರೆಗೆ ಒಂದೇ ಒಂದು ಮೀನಿಗಾಗಿ ಕಾಯುವವರು ಬಹಳ ಮಂದಿ ಇದ್ದಾರೆ. ಅವರು ಅರಸುವುದು ಗೆಂಡೆಮೀನನ್ನು. ಹಿಡಿದ ಮೀನನ್ನು ಅವರು ತಿನ್ನುವುದೂ ಇಲ್ಲ. ತೂಕ ನೋಡಿ ಮರಳಿ ನೀರಿಗೆ ಬಿಡುತ್ತಾರೆ. ಈ ವಿಚಿತ್ರ ವಿನೋದದಲ್ಲಿ ಅಡಗಿರುವ ಪ್ರಕೃತಿಪಾಠವನ್ನು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

ಮೀನಿನ ಪರಿಚಯ

ಸಾಮಾನ್ಯ ಗೆಂಡೆಯ ಶಾಸ್ತ್ರೀಯ ನಾಮ ಸಿಪ್ರಿನಸ್ ಕಾರ್ಪಿಯೊ. ಇದು ಇಂಗ್ಲೆಂಡಿಗೆ ಹೊರಗಿನಿಂದ ಬಂದ ಮೀನು. ಆದರೂ 1496ರಲ್ಲಿ ಅಲ್ಲಿ ಅಚ್ಚಾದ ಗಾಳವಿದ್ಯೆಯ ಗ್ರಂಥದಲ್ಲಿಯೇ ಇದರ ಹೆಸರಿದೆ. ಇದರ ಬಾಯಿಯ ಬಳಿ ಎರಡು ಜೊತೆ ಮೀಸೆಗಳಿವೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನೊಳಗಿನ ಬಲವಾದ ಹಲ್ಲುಗಳಿಂದ ಬಸವನಹುಳುಗಳ ಚಿಪ್ಪನ್ನು ಪುಡಿಮಾಡುತ್ತದೆ. ತಳದ ಕೆಸರನ್ನು ಬಾಯಿಗೆಳೆದು, ಆಹಾರವನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಉಗುಳುವುದು ಇದರ ಕ್ರಮ. ಇದರ ಶ್ರವಣಶಕ್ತಿ ಬಹು ಸೂಕ್ಷ್ಮವಾದುದು. ದಡದಲ್ಲಿ ದಪದಪನೆ ನಡೆದವನಿಗೆ ಗೆಂಡೆ ಸಿಕ್ಕುವುದು ದುರ್ಲಭ.

ಕಳೆಯ ಎರಡು ಮುಖಗಳು

ನೀರೊಳಗೆ ದಟ್ಟವಾಗಿ ಬೆಳೆದ ಕಳೆಯನ್ನು ಕಂಡು ಹೊಸಬನು ಬೇಸರಪಡುತ್ತಾನೆ, ಅನುಭವಿಯಾದವನು ಸಂತೋಷಪಡುತ್ತಾನೆ. ಏಕೆಂದರೆ ಕಳೆಯೇ ಗೆಂಡೆಯ ಮನೆ. ಬಸವನಹುಳುಗಳೂ ಕೀಟಗಳ ಮರಿಗಳೂ ಅಲ್ಲಿಯೇ ಹೆಚ್ಚು. ಗೆಂಡೆಯ ಮೊಟ್ಟೆಗಳು ಅಂಟಾಗಿದ್ದು, ಜಲಸಸ್ಯಗಳ ಎಲೆಗಳಿಗೇ ಅಂಟಿಕೊಳ್ಳುತ್ತವೆ. ಹಗಲಿನಲ್ಲಿ ಈ ಸಸ್ಯಗಳು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸುವಾಗ ನೀರಿಗೆ ಆಮ್ಲಜನಕವನ್ನು ಬಿಡುತ್ತವೆ.

ಆದರೆ ಸೂರ್ಯನು ಮುಳುಗಿದ ಮೇಲೆ ಅವೇ ಸಸ್ಯಗಳು ಮೀನುಗಳಂತೆಯೇ ಆಮ್ಲಜನಕವನ್ನು ಉಸಿರಾಡುತ್ತವೆ. ಕೊಡುವುದು ನಿಂತು, ತೆಗೆದುಕೊಳ್ಳುವುದು ಮಾತ್ರ ಉಳಿಯುತ್ತದೆ. ಆದುದರಿಂದ ಕಳೆ ತುಂಬಿದ ಕೊಳದಲ್ಲಿ ಆಮ್ಲಜನಕವು ಅತ್ಯಂತ ಕಡಿಮೆಯಾಗಿರುವುದು ಬೆಳಗಿನ ಜಾವದಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕವೂ ಕಡಿಮೆ. 10 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 25 ಡಿಗ್ರಿಯಲ್ಲಿ ಸುಮಾರು 8 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಬೇಸಗೆಯ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುತ್ತಿದ್ದರೆ, ಅದು ಹಸಿವಲ್ಲ, ಉಸಿರಿನ ಕಷ್ಟ. ಆಗ ಗಾಳವನ್ನು ನೀರಿನಿಂದ ತೆಗೆದು, ಕೊಳದ ಒಡೆಯನಿಗೆ ಸುದ್ದಿ ಮುಟ್ಟಿಸುವುದೇ ತಿಳಿದವನ ಧರ್ಮ.

ದಡದಲ್ಲಿ ಎರಡು ದಿನ

ಬಲ್ಲವನು ಬಂದೊಡನೆ ಗಾಳ ಎಸೆಯುವುದಿಲ್ಲ. ಮೊದಲು ಒಂದೆರಡು ಗಂಟೆ ಸುಮ್ಮನೆ ನೋಡುತ್ತಾನೆ. ಎಲ್ಲಿ ಗುಳ್ಳೆಗಳು ಏಳುತ್ತಿವೆ, ಎಲ್ಲಿ ನೀರು ಕದಡಿದೆ, ಎಲ್ಲಿ ಮೀನು ಹೊರಳಿತು ಎಂಬುದನ್ನು ಗುರುತಿಸುತ್ತಾನೆ. ಅನಂತರ ಬರಿಯ ಸೀಸದ ಗುಂಡನ್ನು ದಾರಕ್ಕೆ ಕಟ್ಟಿ ಎಸೆಯುತ್ತಾನೆ. ಗುಂಡು ಗಟ್ಟಿ ತಳಕ್ಕೆ ತಾಗಿದರೆ ಕೋಲಿನಲ್ಲಿ ಠಕ್ಕೆಂಬ ಪೆಟ್ಟು ತಿಳಿಯುತ್ತದೆ. ಕಳೆಯಲ್ಲಿ ಬಿದ್ದರೆ ಪೆಟ್ಟಿಲ್ಲದೆ ಮೆತ್ತಗೆ ಇಳಿಯುತ್ತದೆ. ಹೀಗೆ ಕಳೆಗಳ ನಡುವೆ ಇರುವ ಬಯಲು ತಾಣವನ್ನು ಹುಡುಕಿ, ಅಲ್ಲಿ ಎರೆಯನ್ನು ಇಡುತ್ತಾನೆ. ಹಿಟ್ಟು ಮೊಟ್ಟೆಗಳನ್ನು ಕಲಸಿ ಕುದಿಸಿದ ಉಂಡೆ ಈಗಿನವರ ಮುಖ್ಯ ಎರೆ.

ಅತ್ಯಂತ ಕಠಿನವಾದ ಭಾಗ ಇನ್ನು ಮುಂದಿನದು. ಗಾಳ ತಾಗಿದ ಗೆಂಡೆ ನೇರವಾಗಿ ಕಳೆಯೊಳಕ್ಕೆ ನುಗ್ಗುತ್ತದೆ. ಆಗ ಗಾಬರಿಗೊಂಡು ಬಲವಾಗಿ ಎಳೆದರೆ ದಾರ ಹರಿಯುತ್ತದೆ. ಹರಿದ ದಾರವೂ ಸೀಸವೂ ಕಳೆಯ ಬುಡಕ್ಕೆ ಸಿಕ್ಕಿಕೊಂಡರೆ, ಮೀನು ಗೂಟಕ್ಕೆ ಕಟ್ಟಿದಂತಾಗಿ ಸಾಯಬಹುದು. ಆದುದರಿಂದಲೇ ಕಳೆಯ ಕೊಳಕ್ಕೆ ದಪ್ಪನೆಯ ದಾರವನ್ನೂ, ಸಿಕ್ಕಿದಾಗ ತಾನಾಗಿ ಕಳಚಿ ಬೀಳುವ ಸೀಸವನ್ನೂ ಬಳಸತಕ್ಕದ್ದು. ಮೀನು ಅಲುಗದೆ ನಿಂತರೆ ದಾರವನ್ನು ಸ್ವಲ್ಪ ಸಡಿಲಿಸಿ ಕಾಯಬೇಕು; ಎಳೆತ ನಿಂತಾಗ ಅದು ಅನೇಕ ವೇಳೆ ತಾನೇ ಹೊರಟು ಬರುತ್ತದೆ. ಬಂದ ಮೀನನ್ನು ಒದ್ದೆ ಕೈಯಿಂದ, ಒದ್ದೆ ಹಾಸಿನ ಮೇಲೆ ಮಾತ್ರ ಮುಟ್ಟಬೇಕು. ಮೈಮೇಲಿನ ಲೋಳೆಯೇ ರೋಗಗಳ ವಿರುದ್ಧ ಅದರ ಕವಚ. ಸುರಕ್ಷಿತವಾಗಿ ಹೊರತೆಗೆಯಲಾರದ ಜಾಗದಲ್ಲಿ ಗಾಳವನ್ನು ಹಾಕಲೇಬಾರದು.

ರೆಡ್‌ಮೈರ್ ಕೊಳದ ಕಥೆ

ಇಂಗ್ಲೆಂಡಿನ ಹೆರೆಫರ್ಡ್‌ಶೈರಿನಲ್ಲಿ ರೆಡ್‌ಮೈರ್ ಎಂಬ ಚಿಕ್ಕ ಕೊಳವಿದೆ. ವಿಸ್ತಾರ ಸುಮಾರು 3 ಎಕರೆ. ದೊಡ್ಡ ಗೆಂಡೆಯನ್ನು ಗಾಳದಿಂದ ಹಿಡಿಯುವುದು ಅಸಾಧ್ಯವೆಂದೇ ಹಲವರು ನಂಬಿದ್ದ ಕಾಲದಲ್ಲಿ, 1952ನೆಯ ಸಪ್ಟಂಬರ್ 13ರ ಶನಿವಾರ, ರಿಚರ್ಡ್ ವಾಕರ್ ಎಂಬವರು ಅಲ್ಲಿ 44 ಪೌಂಡು, ಅಂದರೆ ಸುಮಾರು 20 ಕಿಲೋಗ್ರಾಂ ತೂಕದ ಗೆಂಡೆಯನ್ನು ಹಿಡಿದರು. ಅದೃಷ್ಟವನ್ನೇ ನೆಚ್ಚದೆ, ಮೀನಿನ ಸ್ವಭಾವವನ್ನೂ ನೀರಿನ ಉಷ್ಣತೆಯನ್ನೂ ಅಭ್ಯಾಸ ಮಾಡಿದವರು ಅವರು. ತಕ್ಕ ಕೋಲನ್ನು ತಾವೇ ರೂಪಿಸಿದರು; ಮೀನು ಎರೆಯನ್ನು ಎಳೆದೊಡನೆ ಸದ್ದು ಮಾಡುವ ವಿದ್ಯುತ್ ಉಪಕರಣವನ್ನೂ ನಿರ್ಮಿಸಿದರು. ಆ ಮೀನನ್ನು ಲಂಡನ್ನಿನ ಮೃಗಾಲಯದ ಮತ್ಸ್ಯಾಗಾರಕ್ಕೆ ಒಯ್ದರು. ಅದು 1971ರವರೆಗೆ ಗಾಜಿನ ಹಿಂದೆ ಬದುಕಿತ್ತು. 1980ರಲ್ಲಿ ಕ್ರಿಸ್ ಯೇಟ್ಸ್ ಎಂಬವರು ಅದೇ ಕೊಳದಲ್ಲಿ 51 ಪೌಂಡಿಗೂ ಮಿಕ್ಕ ಗೆಂಡೆಯನ್ನು ಹಿಡಿದರು. ಹಿಡಿದುದನ್ನು ಅದರ ನೀರಿಗೇ ಮರಳಿಸುವುದು ಅಲ್ಲಿನ ಗೆಂಡೆಗಾರರಲ್ಲಿ ಈಗ ನಿಯಮದಂತಾಗಿದೆ.

ನಮಗೂ ಸಂಬಂಧಿಸಿದ ಮಾತು

ಈ ಮೀನು ನಮಗೆ ಅಪರಿಚಿತವಲ್ಲ. ಅದರ ಒಂದು ತಳಿಯನ್ನು 1939ರಲ್ಲಿ ಸಿಂಹಳದಿಂದ ತಂದು ನೀಲಗಿರಿಯ ನೀರುಗಳಲ್ಲಿ ಬಿಟ್ಟರು. 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಭಾರತಕ್ಕೆ ಬಂದಿತು. ಸಾಕಣೆಗೆ ಅದು ಉಪಯುಕ್ತವೇ ಸರಿ. ಆದರೆ ತಳವನ್ನು ಕೆದಕಿ ನೀರನ್ನು ಕದಡಿ, ಜಲಸಸ್ಯಗಳನ್ನು ಬುಡಮೇಲು ಮಾಡುವುದು ಅದರ ಗುಣ. ಆದುದರಿಂದ ಮನೆಯ ತೊಟ್ಟಿಯ ಮೀನನ್ನಾಗಲಿ, ಪರಸ್ಥಳದ ಮೀನನ್ನಾಗಲಿ, ತಿಳಿದವರನ್ನು ಕೇಳದೆ ಊರಿನ ಕೆರೆಗೆ ಬಿಡಬಾರದು. ಹಾಗೆಯೇ, ಕೆರೆ ಶುದ್ಧವಾಗಲೆಂದು ನೀರೊಳಗಿನ ಕಳೆಯನ್ನೆಲ್ಲ ಒಮ್ಮೆಗೇ ಕಿತ್ತರೆ ಮೀನಿನ ಮನೆ ಹೋಗುತ್ತದೆ. ಮಿತಿಮೀರಿ ಬೆಳೆಯಬಿಟ್ಟರೆ ನಸುಕಿನಲ್ಲಿ ಅದರ ಉಸಿರು ಹೋಗುತ್ತದೆ. ಹಿತವಿರುವುದು ಮಿತದಲ್ಲಿ. ಕೈ ಹಾಕುವ ಮೊದಲು ಕಣ್ಣಿಟ್ಟು ನೋಡಬೇಕೆಂಬುದೇ ಗಾಳಗಾರನು ಕಲಿಸುವ ಪಾಠ.

ಅಭ್ಯಾಸ

1. ಕಳೆ ತುಂಬಿದ ಕೊಳದಲ್ಲಿ ಬೆಳಗಿನ ಜಾವಕ್ಕೆ ಆಮ್ಲಜನಕ ಕಡಿಮೆಯಾಗುವುದೇಕೆ?
2. ಕಳೆಯಲ್ಲಿ ದಾರ ಹರಿದರೆ ಮೀನಿಗೆ ಒದಗುವ ಅಪಾಯವೇನು?
3. ನಿಮ್ಮ ಊರಿನ ಕೆರೆಯನ್ನು ಹಿರಿಯರ ಜೊತೆಗೂಡಿ ಮುಂಜಾನೆಯೊಮ್ಮೆ, ಮಧ್ಯಾಹ್ನವೊಮ್ಮೆ ನೋಡಿ, ಮೀನುಗಳ ಚಲನೆಯಲ್ಲಿ ಕಂಡ ವ್ಯತ್ಯಾಸವನ್ನು ಬರೆಯಿರಿ.