ಬೆಳಕಿನ ಅಳತೆ

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಅನೇಕರ ಮನೆಗಳಲ್ಲಿ ಚಿಕ್ಕ ಡಿಜಿಟಲ್ ಕ್ಯಾಮರಾ ಒಂದು ಇರುವುದುಂಟು. ಗುಂಡಿಯನ್ನೊತ್ತಿದರೆ ಚಿತ್ರವು ಮೂಡುವುದೆಂದು ಎಲ್ಲರೂ ಬಲ್ಲರು. ಬೆಳಕನ್ನು ಅಳೆಯುವ ಕ್ರಮವನ್ನು ಬಲ್ಲವರು ಕಡಿಮೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ವಿಶ್ವೇಶ್ವರಯ್ಯ ನಾಲೆಯ ನೀರನ್ನು ಗದ್ದೆಗೆ ಹಾಯಿಸುವ ಮಂಡ್ಯದ ರೈತನು, ತೂಬನ್ನು ಎಷ್ಟು ಅಗಲ ತೆರೆದನು, ಎಷ್ಟು ಹೊತ್ತು ತೆರೆದಿಟ್ಟನು ಎಂಬೆರಡರಿಂದ ನೀರಿನ ಪ್ರಮಾಣವನ್ನು ತಿಳಿಯುತ್ತಾನೆ. ಕ್ಯಾಮರಾದಲ್ಲಿಯೂ ಹಾಗೆಯೇ. ಮೊದಲನೆಯದು ಮಸೂರದ ಕಿಂಡಿ. ಇದರ ಎಫ್ ಸಂಖ್ಯೆಯು ಚಿಕ್ಕದಾದಷ್ಟೂ ಕಿಂಡಿಯು ದೊಡ್ಡದು, ಎಫ್ 2.8 ಎಂಬುದು ಎಫ್ 4ರ ಎರಡರಷ್ಟು ಬೆಳಕನ್ನು ಬಿಡುತ್ತದೆ. ಎರಡನೆಯದು ಷಟರ್ ತೆರೆದಿರುವ ಕಾಲ. 1/250 ಸೆಕೆಂಡಿಗಿಂತ 1/125 ಸೆಕೆಂಡಿನಲ್ಲಿ ಎರಡರಷ್ಟು ಬೆಳಕು ಒಳಸೇರುವುದು. ಮೂರನೆಯದು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮರಾವು ತೋರುವ ಸೂಕ್ಷ್ಮತೆ. ಇದನ್ನು 100ರಿಂದ 200ಕ್ಕೆ ಏರಿಸಿದರೆ ಅರ್ಧ ಬೆಳಕೇ ಸಾಕು. ಬಹಳ ಏರಿಸಿದರೆ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳೇಳುವುವು.

ಕಾಲದ ಪರಿಣಾಮವನ್ನು ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿಯಲ್ಲಿ ಚೆನ್ನಾಗಿ ಕಾಣಬಹುದು. 1/500 ಸೆಕೆಂಡಿನಲ್ಲಿ ತೆಗೆದರೆ ಹನಿಗಳು ಗಾಳಿಯಲ್ಲಿ ನಿಂತಂತಿರುವುವು. 1/8 ಸೆಕೆಂಡಿನಲ್ಲಿ ತೆಗೆದರೆ ನೀರು ಹಾಲಿನ ಧಾರೆಯಂತಾಗುವುದು. ಎರಡನೆಯದಕ್ಕೆ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಅಲುಗದಂತಿಡಬೇಕು. ನಡುಹಗಲಿನ ಬಿಸಿಲನ್ನು ಬಿಟ್ಟು ಮುಂಜಾನೆ ಇಲ್ಲವೆ ಸಂಜೆಯ ಮಂದ ಬೆಳಕನ್ನು ಆರಿಸಬೇಕು.

ಇನ್ನು ಮುಖ್ಯವಾದ ಮಾತು. ಕ್ಯಾಮರಾಕ್ಕೆ ಕಣ್ಣುಂಟು, ವಿವೇಕವಿಲ್ಲ. ತಾನಾಗಿಯೇ ಅಳೆಯುವಾಗ ಅದು ಎದುರಿನ ದೃಶ್ಯವನ್ನು ಬಹುಮಟ್ಟಿಗೆ ನಡುತರದ ಬೂದುಬಣ್ಣವೆಂದೇ ಎಣಿಸುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೊಳೆಯುವ ಆಕಾಶದೆದುರು ಕುಳಿತ ಬಣ್ಣದ ಕೊಕ್ಕರೆಯನ್ನು ತೆಗೆದರೆ, ಆಕಾಶದ ಬೆಳಕನ್ನು ತಗ್ಗಿಸಲು ಹೋಗಿ ಹಕ್ಕಿಯನ್ನು ಕಪ್ಪಾಗಿಸುತ್ತದೆ. ಹುಣಿಸೆಮರದ ನೆರಳಿನೆದುರು ಬಿಸಿಲಿನಲ್ಲಿರುವ ಹಕ್ಕಿಯನ್ನು ತೆಗೆದರೆ, ನೆರಳನ್ನು ಬೆಳಗಿಸಲು ಹೋಗಿ ಅದರ ಬಿಳಿಯ ಗರಿಗಳ ಗೆರೆಗಳನ್ನೇ ಅಳಿಸುತ್ತದೆ. ಇದನ್ನು ತಿದ್ದಲೆಂದೇ ಕ್ಯಾಮರಾದಲ್ಲಿ + ಮತ್ತು − ಗುರುತಿನ ಏರ್ಪಾಡುಂಟು. ಹಿನ್ನೆಲೆಯು ಬೆಳ್ಳಗಿದ್ದರೆ +1, ಅಂದರೆ ಇಮ್ಮಡಿ ಬೆಳಕು. ಹಿನ್ನೆಲೆಯು ಕಪ್ಪಗಿದ್ದರೆ −1, ಅಂದರೆ ಅರ್ಧ ಬೆಳಕು.

ಹಕ್ಕಿಗಳಿಗಿಂತಲೂ ನಮ್ಮ ಮಕ್ಕಳ ವಿಷಯದಲ್ಲಿ ಇದನ್ನು ಅರಿಯುವುದು ಅವಶ್ಯಕ. ಬಿಳಿಯ ಗೋಡೆಯ ಮುಂದೆ ಬಿಳಿಯ ಸಮವಸ್ತ್ರದಲ್ಲಿ ನಿಂತ ಹುಡುಗಿಯರ ಗುಂಪುಚಿತ್ರದಲ್ಲಿ ಬಟ್ಟೆಗಳು ಕಾಣುವುವು, ಮುಖಗಳು ಮಸುಕಾಗುವುವು. "ಹುಡುಗಿ ಕಪ್ಪು, ಅದಕ್ಕೇ ಚಿತ್ರದಲ್ಲಿ ಬೀಳುವುದಿಲ್ಲ" ಎಂದು ಹಿರಿಯರು ಆಡುವ ಮಾತನ್ನು ಕೇಳಿ ತಲೆತಗ್ಗಿಸಿ ಹಿಂದಿನ ಸಾಲಿಗೆ ಸರಿಯುವ ಮಕ್ಕಳನ್ನು ನಾವು ಕಂಡಿದ್ದೇವೆ. ಈ ಮಾತು ಸುಳ್ಳು. ಕೊರತೆಯು ಸೃಷ್ಟಿಕರ್ತನು ಕೊಟ್ಟ ಬಣ್ಣದಲ್ಲಿಲ್ಲ, ನಮ್ಮ ಅಳತೆಯಲ್ಲಿದೆ. ಮುಖಕ್ಕೆ ಪೌಡರು ಬಳಿಯಬೇಕಾಗಿಲ್ಲ. ಮಕ್ಕಳನ್ನು ಜಗಲಿಯ ಸಮನಾದ ನೆರಳಿನಲ್ಲಿ ನಿಲ್ಲಿಸಿ +1ಕ್ಕೆ ತಿರುಗಿಸಿರಿ. ಬಟ್ಟೆಯ ಮಡಿಕೆಗಳು ಸ್ವಲ್ಪ ಮಾಸಿದರೆ ಮಾಸಲಿ. ಮುಂದೊಂದು ದಿನ ತಾಯಿಯು ಆ ಚಿತ್ರದಲ್ಲಿ ಹುಡುಕುವುದು ಮಗಳ ಮುಖವನ್ನೇ.

ಅಭ್ಯಾಸ: ಒಂದೇ ಮಗುವನ್ನು ಬಿಳಿಯ ಗೋಡೆಯ ಮುಂದೆ −1, 0, +1 ಎಂದು ಮೂರು ಬಾರಿ ತೆಗೆದು, ಮೂರನ್ನೂ ಆ ಮಗುವಿಗೇ ತೋರಿಸಿರಿ. ತಾನು ಯಾವುದರಲ್ಲಿ ತನ್ನಂತೆ ಇದ್ದೇನೆಂದು ಅದೇ ಹೇಳಲಿ.