ಮರಡಿಯ ಮಣ್ಣು: ಒಂದು ಪರಿಶೀಲನೆ

ಮಣ್ಣೆಂದೊಡನೆ ನಮ್ಮ ಭಾಗದ ಒಕ್ಕಲಿಗರಿಗೆ ಎರೆ ಮತ್ತು ಮಸಾರಿ ಎಂಬ ಎರಡು ಹೆಸರುಗಳು ಮೊದಲು ನೆನಪಾಗುತ್ತವೆ. ಪಠ್ಯಪುಸ್ತಕಗಳೂ ಇವೆರಡನ್ನೇ ವಿಸ್ತಾರವಾಗಿ ವರ್ಣಿಸುತ್ತವೆ. ಆದರೆ ಬೆಳಗಾವಿಯಿಂದ ಯಳ್ಳೂರಿನ ಕಡೆಗಾಗಲಿ, ಖಾನಾಪುರದ ಕಡೆಗಾಗಲಿ ಹೊರಟು ಗುಡ್ಡದ ಓರೆಯನ್ನೇರಿದವರಿಗೆ ಮೂರನೆಯದೊಂದು ಮಣ್ಣು ಎದುರಾಗುತ್ತದೆ. ಗೇಣುದ್ದ ಅಗೆಯುವಷ್ಟರಲ್ಲಿ ಗುದ್ದಲಿ ಕಲ್ಲಿಗೆ ತಾಗಿ ಖಣಿಲ್ಲೆನ್ನುತ್ತದೆ. ಇಂಥ ನೆಲವನ್ನು ನಮ್ಮ ಜನ ಮರಡಿ ಎಂದೂ ಗರಸು ಭೂಮಿ ಎಂದೂ ಕರೆಯುತ್ತಾರೆ. ಅಮರಕೋಶದ ಭೂಮಿವರ್ಗವು ಸರ್ವಸಸ್ಯಗಳಿಂದ ಕೂಡಿದ ನೆಲಕ್ಕೆ ‘ಉರ್ವರಾ’ ಎಂಬ ಹೆಸರನ್ನೂ, ಹರಳುಗಲ್ಲಿನ ನೆಲಕ್ಕೆ ‘ಶಾರ್ಕರ’, ‘ಶರ್ಕರಿಲ’ ಎಂಬ ಹೆಸರುಗಳನ್ನೂ ಕೊಟ್ಟಿದೆ. ಆ ಶರ್ಕರಿಲ ಭೂಮಿಯ ಲಕ್ಷಣಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಭಾಷಾಪಂಡಿತನಾದವನಿಗೆ ಮಣ್ಣಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ನೆರವಿನಿಂದ ನಮ್ಮ ಶಾಲೆಯ ಹಿಂದಿನ ಮರಡಿಯಲ್ಲಿ ಎರಡು ಸಲ ಸಸಿಗಳನ್ನು ನೆಟ್ಟೆವು. ಎರಡು ಸಲವೂ ಶ್ರಾವಣದಲ್ಲಿ ನಳನಳಿಸಿದ ಸಸಿಗಳು ಫಾಲ್ಗುಣ ಬರುವಷ್ಟರಲ್ಲಿ ಒಣಗಿ ಕಡ್ಡಿಯಾದವು. ಸರಿಯಾಗಿ ನೀರು ಹಾಕಲಿಲ್ಲವೆಂದು ಪ್ರಸಾದನಿಲಯದ ಮಕ್ಕಳನ್ನು ಗದರಿದವರಲ್ಲಿ ಈ ಲೇಖಕನೂ ಒಬ್ಬ. ಆಮೇಲೆ ವಿಚಾರಿಸಿ, ಓದಿ ನೋಡಿದಾಗ ತಪ್ಪು ಮಕ್ಕಳದಲ್ಲವೆಂದೂ, ನೆಲದ ಗುಣವನ್ನರಿಯದೆ ನೆಟ್ಟ ಹಿರಿಯರದೆಂದೂ ಮನವರಿಕೆಯಾಯಿತು.

ಈ ಮಣ್ಣಿನ ಹೆತ್ತ ತಾಯಿ ಬಸಾಲ್ಟ್ ಎಂಬ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಬಿರುಕುಗಳ ಮೂಲಕ ಉಕ್ಕಿ ಬಂದ ಲಾವಾರಸವು ಪದರದ ಮೇಲೆ ಪದರವಾಗಿ ಹರಡಿ ತಣಿದು ದಖ್ಖನ್ನಿನ ಪ್ರಸ್ಥಭೂಮಿಯಾಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳನ್ನು ವ್ಯಾಪಿಸಿದೆ. ಗುಡ್ಡಗಳ ಪಕ್ಕಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ, ಮೆಟ್ಟಿಲೆಂಬರ್ಥದ ಸ್ವೀಡಿಷ್ ಶಬ್ದದ ಮೂಲಕ ಇದಕ್ಕೆ ‘ಟ್ರ್ಯಾಪ್’ ಎಂಬ ಹೆಸರಾಯಿತು. ಈ ಮಹಾಹಾಸಿನ ದಕ್ಷಿಣದ ಅಂಚು ಬೆಳಗಾವಿ-ಖಾನಾಪುರಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ, ಅದಕ್ಕಿಂತ ಬಹು ಪುರಾತನವಾದ ಧಾರವಾಡ ಶಿಲಾವರ್ಗ ತಲೆದೋರುತ್ತದೆ. ನಾವು ಎರಡು ಶಿಲಾಯುಗಗಳ ಹೊಸ್ತಿಲ ಮೇಲೆ ವಾಸಿಸುತ್ತಿದ್ದೇವೆ ಎಂದರೆ ಅತಿಶಯೋಕ್ತಿಯಲ್ಲ.

ಗಾಳಿ, ಬಿಸಿಲು, ಮಳೆಗಳಿಗೆ ಸಿಕ್ಕಿದ ಕರಿಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ಗಟ್ಟಿಗಲ್ಲು ಮೊದಲು ಮುರುಮ್ ಆಗಿ, ಮುರುಮ್ ಬಹುಕಾಲದ ಮೇಲೆ ಮಣ್ಣಾಗುತ್ತದೆ. ಒಂದು ಸೆಂಟಿಮೀಟರ್ ಮಣ್ಣು ಮೂಡುವುದಕ್ಕೆ ನೂರಾರು ವರ್ಷಗಳು ಬೇಕಾಗುತ್ತವೆ. ಸಮತಟ್ಟಾದ ನೆಲದಲ್ಲಿ ಹುಟ್ಟಿದ ಮಣ್ಣು ಅಲ್ಲಿಯೇ ನಿಲ್ಲುತ್ತದೆ. ಓರೆಯಲ್ಲಿ ಹುಟ್ಟಿದ್ದು ಮಳೆಯ ನೀರಿನೊಡನೆ ಇಳಿದುಹೋಗುತ್ತದೆ. ಗುಡ್ಡದ ಮಣ್ಣು ಎಷ್ಟು ಪ್ರಾಚೀನವಾದ ಕಲ್ಲಿನ ಮೇಲಿದ್ದರೂ ಯಾವಾಗಲೂ ಎಳೆಯದಾಗಿಯೇ ಉಳಿಯುವುದಕ್ಕೆ ಇದೇ ಕಾರಣ. ಮೃತ್ತಿಕಾಶಾಸ್ತ್ರಜ್ಞರು ಇಂಥ ಎಳೆಯ ಮಣ್ಣುಗಳನ್ನು ‘ಎಂಟಿಸಾಲ್’ ವರ್ಗದಲ್ಲಿ ಸೇರಿಸಿದ್ದಾರೆ.

ಇದರ ಮುಖ್ಯ ಲಕ್ಷಣಗಳು ನಾಲ್ಕು. ಒಂದನೆಯದು ತೆಳುವು: ಹಲವೆಡೆ ಆಳ 25 ಸೆಂ.ಮೀ.ಗಿಂತ ಕಡಿಮೆ. ಎರಡನೆಯದು ಕಲ್ಲಿನ ಬಾಹುಳ್ಯ: ಹಿಡಿ ಮಣ್ಣನ್ನು ತೆಗೆದುಕೊಂಡರೆ ಅದರಲ್ಲಿ ಗಣನೀಯ ಪಾಲು ಹರಳೇ ಆಗಿರುತ್ತದೆ. ಮೂರನೆಯದು ಸಾರ. ಈ ಮಣ್ಣು ಬಡವಿಯಲ್ಲ. ಕರಿಕಲ್ಲಿನಿಂದ ಬಂದ ಸುಣ್ಣ, ಮೆಗ್ನೀಸಿಯಮ್, ಕಬ್ಬಿಣಗಳ ಅಂಶ ಇದರಲ್ಲಿದೆ. ಕೊರತೆಯಿರುವುದು ಸಾರಜನಕಕ್ಕೆ ಮತ್ತು ಕೊಳೆತ ಎಲೆಗೊಬ್ಬರದ ಅಂಶಕ್ಕೆ. ನಾಲ್ಕನೆಯದೂ ಎಲ್ಲಕ್ಕಿಂತ ಮುಖ್ಯವಾದುದೂ ನೀರು ಹಿಡಿಯುವ ಶಕ್ತಿಯ ಅಲ್ಪತೆ.

ಇದನ್ನೊಂದು ಲೆಕ್ಕದಿಂದ ತಿಳಿಯೋಣ. ಮಣ್ಣಿನ ಆಳ 25 ಸೆಂ.ಮೀ. ಇದ್ದು, ಅದರಲ್ಲಿ ಅರ್ಧ ಕಲ್ಲಾದರೆ ಉಳಿಯುವ ನಿಜವಾದ ಮಣ್ಣು 12.5 ಸೆಂ.ಮೀ. ಮಾತ್ರ. ಅದರಲ್ಲಿ ನೂರಕ್ಕೆ 10ರಷ್ಟು ನೀರು ಬೇರಿಗೆ ದಕ್ಕುವುದೆಂದು ಹಿಡಿದರೆ ಒಟ್ಟು ಸಂಗ್ರಹ 12.5 ಮಿ.ಮೀ. ಆಯಿತು. ಬಿಸಿಲಿನ ದಿನದಲ್ಲಿ ನೆಲ ಮತ್ತು ಗಿಡ ಕೂಡಿ 5 ಮಿ.ಮೀ. ನೀರನ್ನು ಆವಿಗೊಪ್ಪಿಸಿದರೆ ಆ ಸಂಗ್ರಹ ಎರಡೂವರೆ ದಿನಕ್ಕೆ ಮುಗಿಯುತ್ತದೆ. ಒಂದು ಮೀಟರ್ ಆಳದ ಎರೆಯಲ್ಲಿ ನೂರಕ್ಕೆ 15ರಂತೆ ಹಿಡಿದರೂ 150 ಮಿ.ಮೀ. ನೀರು ನಿಂತು ಒಂದು ತಿಂಗಳು ಸಾಗುತ್ತದೆ. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆಯಾಗುತ್ತದೆ, ಅಥಣಿಯಲ್ಲಿ ಅದರ ಅರ್ಧದಷ್ಟೂ ಇಲ್ಲ. ಆದರೂ ಅಥಣಿಯ ಎರೆಹೊಲದಲ್ಲಿ ಹಿಂಗಾರಿ ಜೋಳ ನಿಲ್ಲುತ್ತದೆ, ಇಲ್ಲಿನ ಮರಡಿಯಲ್ಲಿ ಸಸಿ ನಿಲ್ಲುವುದಿಲ್ಲ. ಮಳೆ ಎಷ್ಟು ಬಂದಿತೆಂಬುದಷ್ಟೇ ಅಲ್ಲ, ಅದನ್ನು ಹಿಡಿದಿಡುವ ಪಾತ್ರೆ ಎಷ್ಟು ದೊಡ್ಡದೆಂಬುದೂ ಮುಖ್ಯ. ನಮ್ಮ ಮಕ್ಕಳು ವಾರಕ್ಕೊಮ್ಮೆ ಕೊಡಗಟ್ಟಲೆ ಸುರಿದ ನೀರು ಆ ಸಣ್ಣ ಪಾತ್ರೆಯಲ್ಲಿ ನಿಲ್ಲಲಾರದೆ ಕಲ್ಲಿನ ಸಂದಿಗಳಿಗೆ ಇಳಿದುಹೋಯಿತು.

ಗುಡ್ಡ ಕಳೆದುಕೊಂಡದ್ದನ್ನು ತಗ್ಗು ಪಡೆಯುತ್ತದೆ. ಯಳ್ಳೂರು ಗಡದ ಮೇಲೆ ನಿಂತು ಕೆಳಗೆ ನೋಡಿದರೆ ಯಳ್ಳೂರು, ವಡಗಾವಿ, ಶಹಾಪುರಗಳ ಭತ್ತದ ಗದ್ದೆಗಳು ಕಾಣುತ್ತವೆ. ಬೆಳಗಾವಿ ಬಾಸುಮತಿ ಎಂದು ಹೆಸರಾದ ಅಕ್ಕಿಯ ನೆಲೆ ಅದು. ಗುಡ್ಡಗಳಿಂದ ಯುಗಯುಗಗಳಲ್ಲಿ ಇಳಿದ ಮೆಕ್ಕಲು, ಕಲ್ಲಿನಿಂದ ಕರಗಿ ಬಂದ ಸುಣ್ಣ-ಮೆಗ್ನೀಸಿಯಮ್‌ಗಳು ತಗ್ಗುಗಳಲ್ಲಿ ಸಂಗ್ರಹವಾಗಿ ಜಿಗುಟು ಕರಿಮಣ್ಣು ಬೆಳೆಯಿತು. ಮರಡಿಯೂ ಎರೆಯೂ ಅಕ್ಕತಂಗಿಯರು. ಒಬ್ಬಳು ಕೊಟ್ಟಳು, ಇನ್ನೊಬ್ಬಳು ಕೂಡಿಟ್ಟಳು.

ಖಾನಾಪುರದ ಪಶ್ಚಿಮಕ್ಕೆ, ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಕಡೆಗೆ ಹೋದಂತೆ ಮಳೆ 3,000 ಮಿ.ಮೀ. ಮೀರುತ್ತದೆ. ಅಲ್ಲಿ ದೀರ್ಘಕಾಲದ ಮಳೆಯು ಕಲ್ಲಿನೊಳಗಿನ ಸುಣ್ಣವನ್ನಷ್ಟೇ ಅಲ್ಲದೆ ಸಿಲಿಕವನ್ನೂ ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳನ್ನು ಉಳಿಸಿ ಜಂಬಿಟ್ಟಿಗೆಯನ್ನು ನಿರ್ಮಿಸಿದೆ. ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ಮಲಬಾರಿನಲ್ಲಿ ಕಂಡ ಈ ಕಲ್ಲಿಗೆ ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ನಮ್ಮ ಜಂಬಿಟ್ಟಿಗೆಯೆಂಬ ಮಾತಿನಲ್ಲಿಯೂ ಇಟ್ಟಿಗೆ ಅಡಗಿರುವುದನ್ನು ಗಮನಿಸಬೇಕು. ಇದೇ ಮಲಪ್ರಭೆಯ ತೀರದ ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಕಿಸು ಎಂದರೆ ಕೆಂಪು. ನೆಲದ ಬಣ್ಣವನ್ನು ನೋಡಿ ಊರಿಗೆ ಹೆಸರಿಟ್ಟ ಜನ ನಮ್ಮವರು.

ಹಾಗಾದರೆ ಮರಡಿ ನಿರುಪಯೋಗಿಯೇ? ಖಂಡಿತ ಅಲ್ಲ. ಬೇಸಿಗೆಯಲ್ಲಿ ಬೆಳಗಾವಿಯ ಪೇಟೆಗೆ ಬುಟ್ಟಿಗಳಲ್ಲಿ ಬರುವ ಕವಳಿಹಣ್ಣು ಇಂಥ ಕಲ್ಲುನೆಲದಲ್ಲಿಯೂ ಬೆಳೆಯುತ್ತದೆ. ಬಂದರಿಕೆ, ಕಕ್ಕೆ, ಬೇವುಗಳ ಬೇರು ಮುರುಮಿನ ಬಿರುಕುಗಳನ್ನು ಹೊಕ್ಕು ಆಳದ ತೇವವನ್ನು ಹುಡುಕಬಲ್ಲದು. ಮೊದಲು ಗುಡ್ಡದ ಸಮಮಟ್ಟದ ರೇಖೆಗುಂಟ ಅಲ್ಲಿಯದೇ ಕಲ್ಲನ್ನು ಆಯ್ದು ಒಡ್ಡು ಹಾಕಬೇಕು. ಒಡ್ಡಿನ ಹಿಂದೆ ಮಣ್ಣು ನಿಲ್ಲುತ್ತದೆ, ಹುಲ್ಲು ಹುಟ್ಟುತ್ತದೆ. ಆಮೇಲೆ ಮುರುಮಿನವರೆಗೆ ಗುಂಡಿ ತೋಡಿ, ಎಲೆಗೊಬ್ಬರ ಬೆರೆಸಿ, ಇಂಥ ಗಡುಸು ಗಿಡಗಳನ್ನು ನೆಟ್ಟು, ಬುಡಕ್ಕೆ ಒಣಹುಲ್ಲು ಮುಚ್ಚಿ, ಕಡಿಮೆ ನೀರನ್ನು ಮೇಲಿಂದ ಮೇಲೆ ಕೊಡಬೇಕು. ಒಡ್ಡು ಮೊದಲು, ಹುಲ್ಲು ಅನಂತರ, ಮರ ಕೊನೆಗೆ ಎಂಬ ಕ್ರಮ ತಪ್ಪಬಾರದು.

ಇನ್ನೊಂದು ಮಾತನ್ನು ವಿನಯದಿಂದ ಅರಿಕೆ ಮಾಡಬೇಕಾಗಿದೆ. ಒಂದು ಹೆಕ್ಟೇರಿನಿಂದ ಕೇವಲ 1 ಮಿ.ಮೀ. ಮಣ್ಣು ಕೊಚ್ಚಿಹೋದರೆ ಅದರ ತೂಕ ಸುಮಾರು 13 ಟನ್. ವರ್ಷಕ್ಕೆ ಅಷ್ಟು ಹೋದರೂ ನೂರು ವರ್ಷದಲ್ಲಿ 10 ಸೆಂ.ಮೀ.; ಗೇಣುದ್ದದ ಮಣ್ಣಿನಲ್ಲಿ ಅರ್ಧದಷ್ಟು! ರಸ್ತೆ-ಮನೆಗಳಿಗೆಂದು ಗುಡ್ಡದ ಪಕ್ಕವನ್ನು ಸೀಳಿ ಮುರುಮ್ ಅಗೆಯುವಲ್ಲಿ ನೂರು ವರ್ಷವೂ ಬೇಡ, ಒಂದು ದಿನ ಸಾಕು. ಖಾನಾಪುರದ ಓರೆಗಳಿಂದ ಹೋದ ಮಣ್ಣು ಸವದತ್ತಿಯ ಬಳಿ ನವಿಲುತೀರ್ಥದ ಜಲಾಶಯದಲ್ಲಿ ಹೂಳಾಗಿ ಕೂಡುತ್ತದೆ. ಇಲ್ಲಿಯ ನಷ್ಟ ಅಲ್ಲಿಯೂ ನಷ್ಟವೇ.

ಶರಣರು ಕಾಯಕವನ್ನೂ ದಾಸೋಹವನ್ನೂ ಒಂದಕ್ಕೊಂದು ಹೆಣೆದರು. ಒಕ್ಕಲಿಗ ಮುದ್ದಣ್ಣನಂಥವರು ಮಣ್ಣಿನ ಕಾಯಕದಲ್ಲಿಯೇ ಶರಣರಾದರು. ನಮ್ಮ ದಾನಿಗಳು ಸಸಿಗಳಿಗೆಂದು ಕೊಡುವ ಹಣದಲ್ಲಿ ಒಂದು ಪಾಲು ಮೊದಲು ಕಲ್ಲಿನ ಒಡ್ಡಿಗೆ ಸಲ್ಲಲಿ. ಒಡ್ಡಿನ ಮೇಲೆ ಯಾರ ಹೆಸರೂ ಬರೆಯಲಾಗದು, ನಿಜ. ಆದರೆ ಅದರ ಹಿಂದೆ ನಿಂತ ಒಂದು ಬೊಗಸೆ ಮಣ್ಣು ನೂರಾರು ವರ್ಷಗಳ ಸಂಪಾದನೆ. ಅದನ್ನು ಉಳಿಸಿಕೊಟ್ಟರೆ ಮುಂದಿನ ಸಲ ಮಕ್ಕಳನ್ನು ಗದರುವ ಪ್ರಸಂಗ ಬಾರದು.